ಹನ್ನೆರಡು ಮಕ್ಕಳು, ಹನ್ನೆರಡು ಫೈಲು: ಕಾಲೇಜಿನ ತಯಾರಿ ಎಂಟನೇ ಕ್ಲಾಸಿನಿಂದಲೇ

ಪ್ರಶ್ನೆ: ನಾನು ಸಿಂಧನೂರು ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಸಂಜೆ ಹೊತ್ತು ಸರ್ಕಾರಿ ಹೈಸ್ಕೂಲಿನ 12 ಮಕ್ಕಳು ಓದಲು ಬರುತ್ತಾರೆ. ಹೆಚ್ಚಿನವರು 8ನೇ ಕ್ಲಾಸು, ಎಲ್ಲರೂ ಕನ್ನಡ ಮೀಡಿಯಂ. ಕೂಲಿ, ಗಾರೆ ಕೆಲಸದ ಮನೆಗಳು. ಕೆಲವರ ಅಪ್ಪ ಅಮ್ಮ ವರ್ಷದಲ್ಲಿ ಆರು ತಿಂಗಳು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿ ಹತ್ತಿರ. ಇವರು ಕಾಲೇಜು ಮೆಟ್ಟಿಲು ಹತ್ತಬೇಕು ಅಂತ ನನ್ನ ಆಸೆ. ಈಗಿನಿಂದಲೇ ಏನು ಮಾಡಬಹುದು? ಟೌನಿನ ಇಂಗ್ಲಿಷ್ ಮೀಡಿಯಂಗೆ ಹಾಕದಿದ್ದರೆ ಏನೂ ಆಗಲ್ಲ ಅಂತ ಊರಲ್ಲಿ ಕೆಲವರು ಹೇಳುತ್ತಾರೆ, ನಿಜವೇ? ಪುಸ್ತಕಕ್ಕೆ ಪಂಚಾಯಿತಿಯಿಂದ ಸ್ವಲ್ಪ ದುಡ್ಡು ಬಂದಿದೆ, ಯಾವ ಗೈಡ್ ತರಿಸಲಿ?

ಉತ್ತರ:

ಮೇಡಂ, ನಾನು 28 ವರ್ಷ ಸರ್ಕಾರಿ ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವನು. ಪ್ರತಿ ವರ್ಷ ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ನಮ್ಮ ಮಕ್ಕಳ ಫಾರಂ ತುಂಬಿಸಿಕೊಡುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಪಾಠ ಮಾಡಿ ಕಲಿತದ್ದಕ್ಕಿಂತ ಆ ಫಾರಂ ಕೆಲಸದಲ್ಲಿ ಕಲಿತದ್ದೇ ಜಾಸ್ತಿ. ಗೈಡಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಒಬ್ಬ ಹುಡುಗನ ವಿಷಯ ಹೇಳಿಬಿಡುತ್ತೇನೆ.

ಒಳ್ಳೇ ಹುಡುಗ. ಪಿಯುಸಿಯಲ್ಲಿ ಮಾರ್ಕ್ಸ್ ಚೆನ್ನಾಗಿತ್ತು, ಸಿಇಟಿ ರ‍್ಯಾಂಕೂ ಚೆನ್ನಾಗಿತ್ತು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟೂ ಬಂತು. ಸೀಟು ಒಪ್ಪಿಕೊಳ್ಳಲು ಕೊನೇ ದಿನ ಮಧ್ಯಾಹ್ನ ನನ್ನ ಮನೆಗೆ ಓಡಿಬಂದ. ಒಟಿಪಿ ಬರುತ್ತಿಲ್ಲ ಸಾರ್ ಅಂದ. ಅರ್ಜಿಯಲ್ಲಿ ಕೊಟ್ಟಿದ್ದು ಅಪ್ಪನ ನಂಬರು. ಅಪ್ಪ ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ, ಎರಡು ತಿಂಗಳ ಹಿಂದೆ ರೀಚಾರ್ಜ್ ಮಾಡಿಸಲಾಗದೆ ಆ ಸಿಮ್ ಬಿಟ್ಟು ಹೊಸ ಸಿಮ್ ಹಾಕಿಕೊಂಡಿದ್ದ. ಅಷ್ಟೇ. ಸೀಟು ಹೋಯಿತು. ಎರಡು ವರ್ಷ ನಿದ್ದೆಗೆಟ್ಟು ಓದಿದ್ದು ಒಂದು ಸಿಮ್ಮಿನ ಜೊತೆ ಹೋಯಿತು.

ಮಾರ್ಕ್ಸ್ ಸಾಲದೆ ಕಾಲೇಜು ತಪ್ಪಿದ ಬಡ ಮಕ್ಕಳನ್ನು ನಾನು ಕಂಡಿದ್ದೇನೆ. ಆದರೆ ಕಾಗದ ಇಲ್ಲದೆ, ತಾರೀಕು ಗೊತ್ತಿಲ್ಲದೆ, ಆ ದಿನ ಕೈಯಲ್ಲಿ ಮೂರು ಸಾವಿರ ಇಲ್ಲದೆ ತಪ್ಪಿದವರನ್ನು ಅದಕ್ಕಿಂತ ಜಾಸ್ತಿ ಕಂಡಿದ್ದೇನೆ. ಇಂಥದ್ದನ್ನು ತಪ್ಪಿಸಲು ಕೋಚಿಂಗ್ ಬೇಕಿಲ್ಲ. ಕಾಗದ, ತಾರೀಕು ನೆನಪಿಟ್ಟುಕೊಳ್ಳುವ ಒಬ್ಬ ದೊಡ್ಡವರು ಹತ್ತಿರ ಇರಬೇಕು. ಆ ಜಾಗದಲ್ಲಿ ನೀವು ಈಗಾಗಲೇ ಕೂತಿದ್ದೀರಿ.

ಈಗ ಮಾಡಬೇಕಾದ ಮೊದಲ ಕೆಲಸ ಎನ್‌ಎಂಎಂಎಸ್, ಅಂದರೆ ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್ಪಿನ ಪರೀಕ್ಷೆ. ನಿಮ್ಮ ಮಕ್ಕಳು 8ನೇ ಕ್ಲಾಸಿನಲ್ಲಿದ್ದಾರೆ, ಇದು 8ನೇ ಕ್ಲಾಸಿನಲ್ಲಿ ಮಾತ್ರ ಬರೆಯುವ ಪರೀಕ್ಷೆ, ಇನ್ನೊಂದು ಸಲ ಬರುವುದಿಲ್ಲ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವರ್ಷದ ಆದಾಯ 3.5 ಲಕ್ಷ ಮೀರಬಾರದು. 7ನೇ ಕ್ಲಾಸಿನಲ್ಲಿ 55 ಪರ್ಸೆಂಟ್ ಇರಬೇಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ 50 ಸಾಕು. ಪಾಸಾಗಿ ಪಟ್ಟಿಗೆ ಬಂದರೆ 9ರಿಂದ 12ನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ಒಟ್ಟು 48,000. ದೇಶಕ್ಕೆಲ್ಲ ವರ್ಷಕ್ಕೆ 1 ಲಕ್ಷ ಮಕ್ಕಳಿಗೆ ಕೊಡುತ್ತಾರೆ, ಅದರಲ್ಲಿ ಕರ್ನಾಟಕದ ಪಾಲು 5,534.

ಪರೀಕ್ಷೆ ಎರಡು ಭಾಗ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಎರಡನೆಯದಕ್ಕೆ ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ, ಹೇಗೋ ಬರೆಯುತ್ತಾರೆ. ಮೊದಲನೆಯದೇ ಕಷ್ಟ, ಯಾಕೆಂದರೆ ಸಂಖ್ಯಾ ಸರಣಿ, ಕನ್ನಡಿ ಪ್ರತಿಬಿಂಬ, ಗುಂಪಿಗೆ ಸೇರದ್ದು ಯಾವುದು, ಸಂಕೇತ ಭಾಷೆ, ಇಂಥ ಪ್ರಶ್ನೆಗಳನ್ನು ಅವರು ಜೀವನದಲ್ಲಿ ಮೊದಲ ಸಲ ನೋಡುವುದೇ ಪರೀಕ್ಷೆ ಹಾಲಿನಲ್ಲಿ. ಬುದ್ಧಿ ಇಲ್ಲ ಅಂತಲ್ಲ, ಆ ಆಟದ ನಿಯಮ ಯಾರೂ ಹೇಳಿರುವುದಿಲ್ಲ. ಹಳೇ ಪ್ರಶ್ನೆಪತ್ರಿಕೆ ಎಂಟು ಹತ್ತು ಸಿಗುತ್ತವೆ, ದಿನಾ ಸಂಜೆ 20 ಪ್ರಶ್ನೆ ಎಲ್ಲರೂ ಸೇರಿ ಬಿಡಿಸಲಿ. ಬೋರ್ಡಿಗೆ ಬಂದು ಹೇಗೆ ಬಿಡಿಸಿದೆ ಅಂತ ಹೇಳುವವರು ಮಕ್ಕಳೇ ಆಗಲಿ, ನಿಮಗೆ ಉತ್ತರ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಅರ್ಜಿ ಹೆಡ್‌ಮಾಸ್ಟರ್ ಮೂಲಕವೇ ಹೋಗಬೇಕು. ಕೆಲವು ಶಾಲೆಗಳಲ್ಲಿ ಚುರುಕಿನ ಇಬ್ಬರು ಮೂವರನ್ನು ಮಾತ್ರ ಕೂರಿಸುತ್ತಾರೆ, ಅರ್ಹತೆ ಇದ್ದವರನ್ನೆಲ್ಲ ಕೂರಿಸಿ ಅಂತ ಕೇಳಿಕೊಳ್ಳಿ. ಇನ್ನೊಂದು ಮಾತು. ಆಯ್ಕೆಯಾದ ಮೇಲೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಒಂದು ವರ್ಷ ಮರೆತರೆ ಆ ವರ್ಷದ 12,000 ಹೋದ ಹಾಗೆ. ಪರೀಕ್ಷೆ ಪಾಸಾಗಿ ದುಡ್ಡು ಬಾರದ ಮಕ್ಕಳಲ್ಲಿ ಅರ್ಧಕ್ಕರ್ಧ ಇದೇ ಕಥೆ ಹೇಳಿದ್ದನ್ನು ಕೇಳಿದ್ದೇನೆ. ಪಿಯುಸಿಯಲ್ಲೂ ದುಡ್ಡು ಮುಂದುವರಿಯಬೇಕಾದರೆ 10ನೇ ಕ್ಲಾಸಿನಲ್ಲಿ 60 ಪರ್ಸೆಂಟ್ ಬರಬೇಕು, ಎಸ್‌ಸಿ ಎಸ್‌ಟಿಗೆ 55. ಮತ್ತೆ ಖಾಸಗಿ ಕಾಲೇಜಿಗೆ ಸೇರಿದರೆ ಸಿಗುವುದಿಲ್ಲ, ಸರ್ಕಾರಿ ಅಥವಾ ಅನುದಾನಿತ ಕಾಲೇಜೇ ಆಗಬೇಕು.

ಈಗ ಟೌನಿನ ಇಂಗ್ಲಿಷ್ ಮೀಡಿಯಂ ವಿಷಯ. ಊರವರ ಆಸೆ ತಪ್ಪಲ್ಲ. ಆದರೆ ಸೇರಿಸುವ ಮುಂಚೆ ಏನು ಕೈಬಿಟ್ಟು ಹೋಗುತ್ತದೆ ಅಂತ ಗೊತ್ತಿರಬೇಕು, ಅಲ್ವಾ? ಸಿಇಟಿ ಸೀಟು ಹಂಚುವಾಗ ಗ್ರಾಮೀಣ ಕೋಟಾ ಅಂತ 15 ಪರ್ಸೆಂಟ್ ಇದೆ, ಕನ್ನಡ ಮಾಧ್ಯಮದ ಕೋಟಾ ಅಂತ 5 ಪರ್ಸೆಂಟ್ ಇದೆ. ಎರಡಕ್ಕೂ 1ರಿಂದ 10ನೇ ಕ್ಲಾಸಿನವರೆಗೆ ಪೂರ್ತಿ 10 ವರ್ಷ ಓದಿರಬೇಕು. ಒಂಬತ್ತು ವರ್ಷ ಓದಿದರೆ ಸಾಲುವುದಿಲ್ಲ. ಹಳ್ಳಿಯಲ್ಲಿ ಕನ್ನಡದಲ್ಲಿ 7ನೇ ಕ್ಲಾಸಿನವರೆಗೆ ಓದಿದ ಮಗುವನ್ನು ಮೂರು ವರ್ಷ ಟೌನಿಗೆ ಕಳಿಸಿ, ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಸಾಲ ಮಾಡಿ ಫೀಸು ಕಟ್ಟಿದರೆ, ಏಳು ವರ್ಷದ ಎರಡು ಹಕ್ಕು ಹೋಗುತ್ತವೆ. ಜೊತೆಗೆ ಎನ್‌ಎಂಎಂಎಸ್ಸೂ ಹೋಗುತ್ತದೆ. ದುಡ್ಡು ಕೊಟ್ಟು ಕಳೆದುಕೊಂಡ ಹಾಗೆ.

ಇದರಲ್ಲೊಂದು ಸೂಕ್ಷ್ಮ ಇದೆ. ಗ್ರಾಮೀಣ ಅಂದರೆ ನಮ್ಮ ಮಾತಿನ ಹಳ್ಳಿ ಅಲ್ಲ, ಕಾನೂನಿನ ಹಳ್ಳಿ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಒಳಗಿರುವ ಶಾಲೆಯಾದರೆ ಆ ವರ್ಷ ಲೆಕ್ಕಕ್ಕಿಲ್ಲ, ಶಾಲೆಯ ಸುತ್ತ ಬರೀ ಗದ್ದೆ ಇದ್ದರೂ ಅಷ್ಟೇ. ನಿಮ್ಮ 12 ಮಕ್ಕಳ ಪ್ರಾಥಮಿಕ ಶಾಲೆ, ಹೈಸ್ಕೂಲು ಎಲ್ಲಿ ಬರುತ್ತವೆ ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಗುಳೆ ಹೋದ ಮನೆಗಳಲ್ಲಿ ಮಗು ಒಂದು ವರ್ಷ ಬೆಂಗಳೂರಿನ ಶಾಲೆಯಲ್ಲಿ ಓದಿ ವಾಪಸ್ ಬಂದಿರುತ್ತದೆ, ಅದೂ ಗೊತ್ತಾಗಲಿ. ಆಮೇಲೆ ಅರ್ಜಿಯಲ್ಲಿ ಸುಳ್ಳು ತುಂಬಿಸಿ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಬದಲು ಈಗಲೇ ತಿಳಿದಿರುವುದು ಒಳ್ಳೇದು.

ಹಾಗಂತ ಕೋಟಾಕ್ಕೋಸ್ಕರ ಮಗುವನ್ನು ಟೀಚರೇ ಇಲ್ಲದ ಶಾಲೆಯಲ್ಲಿ ಕೊಳೆಯಲು ಬಿಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಹೈಸ್ಕೂಲಿನಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಜನ ಇದ್ದಾರೆ ಅಂದರೆ ಅಲ್ಲೇ ಇರಲಿ. 5ನೇ ಕ್ಲಾಸಿನ ತಮ್ಮ ತಂಗಿ ಇದ್ದವರಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ನವೋದಯ, ಆದರ್ಶ ವಿದ್ಯಾಲಯ, ಎಲ್ಲದರ ಪ್ರವೇಶ ಪರೀಕ್ಷೆಯೂ 6ನೇ ಕ್ಲಾಸಿಗೆ. ಅವು ಬೇರೆ ಮಾತು, ಆದರ್ಶ ಬಿಟ್ಟು ಬೇರೆಯವು ಊಟ ವಸತಿಯನ್ನೂ ಕೊಟ್ಟು ಓದಿಸುತ್ತವೆ, ಧಾರಾಳ ಕಳಿಸಿ.

ನಿಮ್ಮ ರಾಯಚೂರು ಜಿಲ್ಲೆಗೆ ಇನ್ನೊಂದು ದೊಡ್ಡ ಬಾಗಿಲಿದೆ, ಸಂವಿಧಾನದ 371 ಜೆ ವಿಧಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಯ ಮಕ್ಕಳಿಗೆ ಅಲ್ಲಿನ ಕಾಲೇಜುಗಳ ಸೀಟಿನಲ್ಲಿ 70 ಪರ್ಸೆಂಟ್, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ 8 ಪರ್ಸೆಂಟ್ ಮೀಸಲು. ಇದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಅದಕ್ಕೆ ಅಪ್ಪ ಅಮ್ಮ ಇಲ್ಲಿಯವರೇ ಅನ್ನುವ ಕಾಗದ ಹುಡುಕಬೇಕು. ಓದದ ಅಪ್ಪನಿಗೆ ಶಾಲೆಯ ದಾಖಲೆ ಎಲ್ಲಿಂದ ಬರಬೇಕು? ಅಜ್ಜನ ಪಹಣಿಯೋ, ಹಳೇ ಮತದಾರರ ಪಟ್ಟಿಯೋ, ರೇಷನ್ ಕಾರ್ಡೋ ಹುಡುಕುತ್ತ ಕೂರಬೇಕಾಗುತ್ತದೆ. ಸಿಇಟಿ ಅರ್ಜಿ ತುಂಬುವ ವಾರದಲ್ಲಿ ಈ ಹುಡುಕಾಟ ಶುರುಮಾಡಿ ಮುಗಿಸಿದವರನ್ನು ನಾನು ಕಾಣೆ. 10ನೇ ಕ್ಲಾಸಿನ ರಜೆಯಲ್ಲಿ ಮಾಡಿಸಿಬಿಡಿ.

ಕಾಗದದ ವಿಷಯ ಬಂತಲ್ಲ, ಪೂರ್ತಿ ಹೇಳಿಬಿಡುತ್ತೇನೆ. ಒಂದೊಂದು ಮಗುವಿಗೆ ಒಂದೊಂದು ಪ್ಲಾಸ್ಟಿಕ್ ಫೈಲ್ ಮಾಡಿ, ಲೈಬ್ರರಿ ಕಪಾಟಿನಲ್ಲೇ ಇರಲಿ. ಅದರಲ್ಲಿ ಜೆರಾಕ್ಸ್ ಮಾತ್ರ, ಒರಿಜಿನಲ್ ಮನೆಯಲ್ಲಿ. ಮೊದಲು ನೋಡಬೇಕಾದದ್ದು ಹೆಸರು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಹುಲಿಗೆಮ್ಮ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆದಿರುತ್ತಾರೆ. ಅಪ್ಪನ ಹೆಸರು ಎಲ್ಲಿ ಬಂದಿದೆ, ಇನಿಶಿಯಲ್ ಮುಂದೋ ಹಿಂದೋ, ಹುಟ್ಟಿದ ತಾರೀಕು ಒಂದೇನಾ, ಇಷ್ಟೂ ಕೂತು ಹೋಲಿಸಿ ನೋಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಪ್ರಿಂಟಾಗಿ ಬಂದ ಮೇಲೆ ತಿದ್ದಿಸುವುದು ಪರದಾಟ. ಅದರಿಂದ 9ನೇ ಕ್ಲಾಸು ಮುಗಿಯುವ ಮೊದಲೇ ಸರಿಯಾಗಬೇಕು. ಇದೊಂದು ಕೆಲಸಕ್ಕೆ ಬೇಕಾದರೆ ನೀವು ಎರಡು ಶನಿವಾರ ಪೂರ್ತಿ ಕೊಡಿ, ನಷ್ಟ ಇಲ್ಲ.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುತ್ತಾರೆ, ಅದರ ಮೇಲಿನ ಆರ್‌ಡಿ ನಂಬರೇ ಮುಖ್ಯ, ಸ್ಕಾಲರ್‌ಶಿಪ್ಪಿಗೂ ಸಿಇಟಿಗೂ ಅದನ್ನೇ ಕೇಳುತ್ತಾರೆ. ಎಸ್‌ಸಿ, ಎಸ್‌ಟಿ, ಪ್ರವರ್ಗ 1ರ ಜಾತಿ ಪತ್ರಕ್ಕೆ ಅವಧಿ ಇಲ್ಲ. ಹಿಂದುಳಿದ ವರ್ಗದ ಬೇರೆ ಗುಂಪುಗಳಾದ 2ಎ, 2ಬಿ, 3ಎ, 3ಬಿ ಮಕ್ಕಳದ್ದು ಜಾತಿ ಆದಾಯ ಸೇರಿದ ಪತ್ರ, ಅದಕ್ಕೆ 5 ವರ್ಷ. ಲೆಕ್ಕ ಹಾಕಿ ನೋಡಿ. 8ನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್‌ಗೆ ಅಂತ ಮಾಡಿಸಿದ ಪತ್ರ ಸರಿಯಾಗಿ ಎರಡನೇ ಪಿಯುಸಿ ಮುಗಿಯುವ ಹೊತ್ತಿಗೆ, ಅಂದರೆ ಸಿಇಟಿ ಸೀಟು ಹಂಚುವ ಹೊತ್ತಿಗೇ ಸಾಯುತ್ತದೆ. ಹಾಗಾಗಿ ಎರಡನೇ ಪಿಯುಸಿಯ ದಸರಾ ರಜೆಯಲ್ಲಿ ಹೊಸದು ಮಾಡಿಸಬೇಕು ಅಂತ ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ.

ಬ್ಯಾಂಕ್ ಖಾತೆ ಇದ್ದರೆ ಸಾಲದು, ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಆಧಾರ್ ಮೂಲಕ ಈ ಖಾತೆಗೇ ಬರುವ ಜೋಡಣೆ) ಆಗಿದೆಯಾ ಅಂತ ಅದೇ ಮಾತಿನಲ್ಲಿ ಕೇಳಿ. ಆಧಾರ್ ಕೊಟ್ಟಿದ್ದೀವಲ್ಲ ಅಂದುಕೊಂಡು ಮೂರು ವರ್ಷ ದುಡ್ಡಿಗೆ ಕಾದವರಿದ್ದಾರೆ. ಫೋನ್ ನಂಬರ್ ಮಾತ್ರ ಊರಲ್ಲಿ ಇರುವವರದ್ದಾಗಲಿ. ಅಮ್ಮನೂ ಗುಳೆ ಹೋಗುವವರಾದರೆ ಅಜ್ಜಿಯ ಫೋನಾದರೂ ಸರಿ, ಆದರೆ ಆ ಸಿಮ್ಮಿಗೆ ರೀಚಾರ್ಜ್ ನಿಲ್ಲಬಾರದು. ನಾನು ಅವತ್ತು ಆ ಹುಡುಗನ ಅಪ್ಪನಿಗೆ ಬೈದೆ. ಬೈಯಬಾರದಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನು ಓದು. ನಮ್ಮ ಮಕ್ಕಳು ಪಿಯುಸಿ ಸೈನ್ಸಿಗೆ ಬಂದು ಮೊದಲ ಮೂರು ತಿಂಗಳಲ್ಲಿ ಮಂಕಾಗುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 580 ತಗೊಂಡ ಹುಡುಗಿ ಕೊನೇ ಬೆಂಚಿಗೆ ಹೋಗಿ ಕೂರುತ್ತಾಳೆ. ಒಂದು ಸಲ ಕ್ಲಾಸಿನಲ್ಲಿ ಎಲ್‌ಸಿಎಂ ತಗೊಳ್ಳಿ ಅಂದೆ. ಅರ್ಧ ಕ್ಲಾಸು ಸುಮ್ನೆ ನನ್ನ ಮುಖ ನೋಡಿತು. ಲ.ಸಾ.ಅ. ಅಂದೆ. ಓ ಅಂದರು, ನಿಮಿಷದಲ್ಲಿ ಲೆಕ್ಕ ಮುಗಿಸಿದರು. ಅವತ್ತಿನಿಂದ ನನಗೆ ಗೊತ್ತಾಯಿತು, ಇವರಿಗೆ ಗಣಿತ ಬರುತ್ತದೆ, ಗಣಿತದ ಹೆಸರು ಬರುವುದಿಲ್ಲ ಅಂತ. ವೇಗೋತ್ಕರ್ಷ ಗೊತ್ತು, ಆ್ಯಕ್ಸಿಲರೇಶನ್ ಗೊತ್ತಿಲ್ಲ. ದ್ಯುತಿಸಂಶ್ಲೇಷಣೆಗೆ ಚಿತ್ರ ಬರೆದು ತೋರಿಸುತ್ತಾರೆ, ಫೋಟೊಸಿಂಥೆಸಿಸ್ ಅಂದರೆ ಬೆಚ್ಚುತ್ತಾರೆ.

ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕೋರ್ಸು ಬೇಡವೇ ಬೇಡ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ 8, 9, 10ನೇ ಕ್ಲಾಸಿನ ಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಪುಕ್ಕಟೆ ಸಿಗುತ್ತವೆ. ರಾಜ್ಯದ ಪಠ್ಯ ಒಂದೇ, ಪಾಠವೂ ಅದೇ, ಚಿತ್ರವೂ ಅದೇ, ಭಾಷೆ ಮಾತ್ರ ಬೇರೆ. ಕನ್ನಡದಲ್ಲಿ ಇವತ್ತು ಶಾಲೆಯಲ್ಲಿ ಓದಿದ ಒಂದು ಪುಟವನ್ನು ಸಂಜೆ ಇಂಗ್ಲಿಷ್ ಪುಸ್ತಕದಲ್ಲಿ ಓದಲಿ. ಅರ್ಥ ಮೊದಲೇ ಗೊತ್ತಿರುವುದರಿಂದ ಭಯ ಇರುವುದಿಲ್ಲ. ಹೊಸ ಪದ ಬಂದರೆ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ದಿನಕ್ಕೆ ಐದು ಪದ ಸಾಕು. ಎರಡೂವರೆ ವರ್ಷದಲ್ಲಿ ಎಷ್ಟಾಗುತ್ತದೆ ನೋಡಿ. ಹೀಗೆ ಮಾಡಿದ ಮಗು ಇಂಗ್ಲಿಷಿನಲ್ಲಿ ಪಟಪಟ ಮಾತಾಡದೇ ಇರಬಹುದು, ಆದರೆ ಪಿಯುಸಿ ಪುಸ್ತಕ ತೆರೆದಾಗ ಹೆದರಿ ಮುಚ್ಚುವುದಿಲ್ಲ. ಕನ್ನಡ ಮಾಧ್ಯಮದ ಕೋಟಾವೂ ಕೈಯಲ್ಲಿರುತ್ತದೆ, ಇಂಗ್ಲಿಷೂ ಬಂದಿರುತ್ತದೆ. ಟೌನಿನ ಶಾಲೆಯ ಫೀಸೂ ಉಳಿಯಿತು.

ಗಣಿತದಲ್ಲಿ ಭಿನ್ನರಾಶಿ ಮತ್ತು ಋಣಸಂಖ್ಯೆ, ಇವೆರಡು ಗಟ್ಟಿ ಮಾಡಿಸಿ. ಬೇರೆಯದನ್ನು ಶಾಲೆ ನೋಡಿಕೊಳ್ಳುತ್ತದೆ.

10ನೇ ಕ್ಲಾಸು ಮುಗಿದ ಮೇಲಿನ ಎರಡು ತಿಂಗಳಿದೆಯಲ್ಲ, ನನ್ನ ಪ್ರಕಾರ ಇಡೀ ದಾರಿಯಲ್ಲಿ ಅತಿ ಅಪಾಯದ ಜಾಗ ಅದೇ. ಪರೀಕ್ಷೆ ಮುಗಿದ ಮಾರನೇ ವಾರ ಹುಡುಗರು ಅಪ್ಪನ ಜೊತೆ ಬೆಂಗಳೂರಿನ ಬಸ್ ಹತ್ತುತ್ತಾರೆ. ರಜೆ ತಾನೇ, ಎರಡು ತಿಂಗಳು ದುಡಿದು ಬರುತ್ತಾನೆ, ಮೊಬೈಲ್ ತಗೊಳ್ಳುತ್ತಾನೆ ಅಂತ ಮನೆಯವರೂ ಕಳಿಸುತ್ತಾರೆ. ವಾರದ ಬಟವಾಡೆ ಕೈಗೆ ಬರುತ್ತದೆ. ಜೂನ್ ಬರುತ್ತದೆ, ಹುಡುಗ ಬರುವುದಿಲ್ಲ. ಹುಡುಗಿಯರ ಮನೆಗೆ ಅದೇ ರಜೆಯಲ್ಲಿ ನೆಂಟರು ಬಂದು ಹೋಗಲು ಶುರುವಾಗುತ್ತದೆ, ಅದೇನು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಆ ಎರಡು ತಿಂಗಳು ಲೈಬ್ರರಿ ಮುಚ್ಚಬೇಡಿ. ಸಂಜೆಯ ಗುಂಪು ಹಾಗೇ ನಡೆಯಲಿ. ಪಿಯುಸಿ ಮೊದಲ ಅಧ್ಯಾಯ ಓದಿಸಿ, ಕಂಪ್ಯೂಟರಿನಲ್ಲಿ ಫಾರಂ ತುಂಬುವುದು ಕಲಿಸಿ, ಹತ್ತಿರದ ಎರಡು ಕಾಲೇಜು ತೋರಿಸಿಕೊಂಡು ಬನ್ನಿ. ರಿಸಲ್ಟ್ ಬಂದ ವಾರವೇ ಅಡ್ಮಿಷನ್ ಆಗಿಬಿಡಲಿ. ಸೀಟಾದ ಹುಡುಗನನ್ನು ಊರಿಗೆ ವಾಪಸ್ ಕರೆಸುವುದು ಸುಲಭ, ಸೀಟಿಲ್ಲದವನಿಗೆ ವಾಪಸ್ ಬರಲು ಕಾರಣವೇ ಇರುವುದಿಲ್ಲ.

ಫೇಲಾದರೆ? ಈಗ ಎಸ್‌ಎಸ್‌ಎಲ್‌ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಒಂದು ವಿಷಯ ಹೋಯಿತು ಅಂತ ಶಾಲೆ ಬಿಡಿಸಿದ ಮನೆಗೆ ಹೋಗಿ ಇದನ್ನೊಂದು ಹೇಳಿದರೂ ಸಾಕು, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಯಾವ ದಾರಿ ಅನ್ನುವುದರಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಜಾಣ ಮಕ್ಕಳೆಲ್ಲ ಸೈನ್ಸ್ ತಗೊಳ್ಳಬೇಕು ಅನ್ನುವ ಹಟ ಬೇಡ. ಮನೆಗೆ ಬೇಗ ದುಡಿಯುವವರು ಬೇಕು, ಕೈಕೆಲಸದಲ್ಲಿ ಆಸಕ್ತಿ ಇದೆ ಅನ್ನುವ ಮಗುವಿಗೆ ಸರ್ಕಾರಿ ಪಾಲಿಟೆಕ್ನಿಕ್ ಬಹಳ ಒಳ್ಳೇ ದಾರಿ. 10ನೇ ಕ್ಲಾಸಾದ ಮೇಲೆ ಮೂರು ವರ್ಷದ ಡಿಪ್ಲೊಮಾ. ಅಷ್ಟರಲ್ಲಿ ಕೆಲಸಕ್ಕೆ ಸೇರಬಹುದು, ಇಲ್ಲ ಡಿಪ್ಲೊಮಾದವರಿಗೆಂದೇ ಇರುವ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ಕಡೆ ಇದನ್ನು ದಡ್ಡರ ದಾರಿ ಅಂತ ನೋಡುತ್ತಾರೆ, ಅದು ಬರೀ ಜಂಬ. ಜೀವಶಾಸ್ತ್ರ ಇಷ್ಟ ಇದ್ದವರಿಗೆ ಎಂಬಿಬಿಎಸ್ ಒಂದೇ ಅಲ್ಲ. ನಿಮ್ಮ ಜಿಲ್ಲೆಯಲ್ಲೇ ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದೆ, ಬಿಎಸ್ಸಿ ಅಗ್ರಿಗೆ ಸಿಇಟಿ ಮೂಲಕ ಸೀಟು, ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಆ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಬೆಳೆ ಗುರುತಿಸುವ ಪರೀಕ್ಷೆಯಲ್ಲಿ ಗದ್ದೆಯಲ್ಲಿ ಬೆಳೆದ ಮಗುವಿಗೆ ಹೆದರಿಕೆ ಯಾಕೆ? ಟೀಚರಾಗುವ ಆಸೆ ಇದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ (ಆರ್‌ಐಇ) ನಾಲ್ಕೇ ವರ್ಷಕ್ಕೆ ಡಿಗ್ರಿ ಮತ್ತು ಬಿಎಡ್ ಎರಡೂ ಮುಗಿಯುತ್ತದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಆರ್ಟ್ಸ್, ಕಾಮರ್ಸ್ ಓದಿ ಮುಂದೆ ಹೋದವರು ನನ್ನ ವಿದ್ಯಾರ್ಥಿಗಳಲ್ಲೇ ಬೇಕಾದಷ್ಟಿದ್ದಾರೆ.

ಎಂಜಿನಿಯರಿಂಗ್ ಕಡೆ ಹೋಗುವವರಿಗೆ ಒಂದು ಸಮಾಧಾನದ ಮಾತು. ನಮ್ಮ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಿಯುಸಿ ಬೋರ್ಡ್ ಮಾರ್ಕ್ಸ್, ಅರ್ಧ ಸಿಇಟಿ ಮಾರ್ಕ್ಸ್. ಅಂದರೆ ಅರ್ಧ ರ‍್ಯಾಂಕು ಕೋಚಿಂಗಿನ ಕೈಯಲ್ಲಿಲ್ಲ, ಪಠ್ಯಪುಸ್ತಕದ ಕೈಯಲ್ಲಿದೆ. ಉಳಿದ ಅರ್ಧಕ್ಕೆ ಹಳೇ ಪ್ರಶ್ನೆಪತ್ರಿಕೆಗಳು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಇವೆ. ಐಐಟಿ ಕಾನ್ಪುರದವರು ನಡೆಸುವ ಸಾಥಿ ಅನ್ನುವ ತಾಣದಲ್ಲಿ ಪಾಠ, ಅಭ್ಯಾಸ ಪರೀಕ್ಷೆ ಎರಡೂ ಪುಕ್ಕಟೆ. ಡಾಕ್ಟರ್ ಓದಿಗೆ ಬರೆಯುವ ನೀಟ್ ಮಾತ್ರ ಬೇರೆ. ಅಲ್ಲಿ ಬೋರ್ಡ್ ಮಾರ್ಕ್ಸ್ ರ‍್ಯಾಂಕಿಗೆ ಸೇರುವುದಿಲ್ಲ, ಪೈಪೋಟಿ ವಿಪರೀತ. ಡಾಕ್ಟರ್ ಆಗೇ ಆಗುತ್ತೀಯ ಅಂತ ಮಗುವಿಗೆ ಹುರಿದುಂಬಿಸುವ ಮುಂಚೆ ಎರಡನೇ ಬಾಗಿಲು ಯಾವುದು ಅಂತಲೂ ಹೇಳಿಟ್ಟಿರಿ. ಅದನ್ನು ಹೇಳದೆ ಮೂರು ವರ್ಷ ನೀಟ್ ಬರೆಸಿ ಮಕ್ಕಳ ವಯಸ್ಸು ಕಳೆದವರ ಮೇಲೆ ನನಗೆ ಸಿಟ್ಟಿದೆ.

ದುಡ್ಡು. ಸ್ಕಾಲರ್‌ಶಿಪ್‌ಗಳು ಬೇಕಾದಷ್ಟಿವೆ, ಆದರೆ ಎಲ್ಲವೂ ಸೇರಿದ ಮೇಲೆ ಬರುತ್ತವೆ. ಸೇರುವ ದಿನಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲ. ಪಿಯುಸಿ ಅಡ್ಮಿಷನ್, ಪುಸ್ತಕ, ಬಟ್ಟೆ, ಹಾಸ್ಟೆಲ್ ಸಿಗುವವರೆಗೆ ರೂಮು, ಡಿಗ್ರಿಗಾದರೆ ಮೊದಲ ಕಂತಿನ ಫೀಸು, ಎಲ್ಲ ಮೇ ಜೂನಿನಿಂದ ಆಗಸ್ಟ್ ಒಳಗೆ. ಸ್ಕಾಲರ್‌ಶಿಪ್ ಬರುವಾಗ ಸಂಕ್ರಾಂತಿ, ಕೆಲವು ಸಲ ಯುಗಾದಿ. ಈ ಆರೇಳು ತಿಂಗಳಿಗೆ ಮನೆಯವರು ಬಡ್ಡಿ ಸಾಲ ತರುತ್ತಾರೆ, ಅಲ್ಲೇ ಅರ್ಧ ಜನ ಸೋತುಹೋಗುತ್ತಾರೆ. ಹಾಗಾಗಿ ಎನ್‌ಎಂಎಂಎಸ್ ಬಂದ ಮಕ್ಕಳ ಮನೆಯಲ್ಲಿ ಒಂದು ಮಾತು ಮೊದಲೇ ಆಡಿಬಿಡಿ: ಈ ದುಡ್ಡು ಮುಟ್ಟುವ ಹಾಗಿಲ್ಲ, ಇದು ಕಾಲೇಜಿನ ಜೂನ್ ತಿಂಗಳ ದುಡ್ಡು. ಬಾರದವರ ಮನೆಯಲ್ಲಿ ಅಮ್ಮಂದಿರ ಸಂಘದಲ್ಲಿ ಉಳಿತಾಯ ಇರುತ್ತದೆ, ಇಲ್ಲ ಪೋಸ್ಟಾಫೀಸಿನಲ್ಲಿ ತಿಂಗಳಿಗೆ 200 ರೂಪಾಯಿ ಆರ್‌ಡಿ (ತಿಂಗಳ ಉಳಿತಾಯ ಖಾತೆ) ಕಟ್ಟಲಿ. ಐದು ವರ್ಷಕ್ಕೆ ಅಸಲೇ 12,000 ಆಗುತ್ತದೆ.

ಗಾರೆ ಕೆಲಸದವರು ಇದ್ದಾರೆ ಅಂದಿರಲ್ಲ, ಅವರಿಗೆ ಕಾರ್ಮಿಕ ಕಾರ್ಡ್ ಇದೆಯಾ ಕೇಳಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಬಹುದು. ಕಾರ್ಡ್ ಇದ್ದವರ ಮಕ್ಕಳ ಓದಿಗೆ ಮಂಡಳಿಯಿಂದ ಸಹಾಯಧನ ಇದೆ. ಬೆಂಗಳೂರಿನಲ್ಲಿ ವರ್ಷಾನುಗಟ್ಟಲೆ ಸಿಮೆಂಟ್ ಹೊತ್ತು ಕಾರ್ಡ್ ಮಾಡಿಸದವರೇ ಜಾಸ್ತಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಹಿಡಿದು ಕೂರಿಸಿ ಹೇಳಿ.

ಪಿಯುಸಿಗೆ ಹೋಗುವಾಗ ಹಾಸ್ಟೆಲ್ ಅರ್ಜಿ ಹಾಕಲೇಬೇಕು, ಸಮಾಜ ಕಲ್ಯಾಣ ಇಲಾಖೆಯದ್ದೋ ಹಿಂದುಳಿದ ವರ್ಗಗಳ ಇಲಾಖೆಯದ್ದೋ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ತಿಂಗಳಿಗಿಷ್ಟು ಅಂತ ದುಡ್ಡು ಕೊಡುತ್ತಾರೆ. ಹುಡುಗಿಯರಿಗೆ 2023ರ ಜೂನಿನಿಂದ ಸರ್ಕಾರಿ ಬಸ್ ಪುಕ್ಕಟೆ ಆಗಿದೆ, ಸಿಂಧನೂರಿನ ಕಾಲೇಜಿಗೆ ದಿನಾ ಹೋಗಿ ಬರಲು ಖರ್ಚಿಲ್ಲ ಅಂತ ಮನೆಯಲ್ಲಿ ಒತ್ತಿ ಹೇಳಿ, ಬಸ್ ಚಾರ್ಜ್ ನೆಪ ಈಗ ನಡೆಯುವುದಿಲ್ಲ. 10ನೇ ಕ್ಲಾಸಿನಲ್ಲಿ 90 ಪರ್ಸೆಂಟ್ ಆಸುಪಾಸು ಬರುವ ಮಕ್ಕಳಿಗೆ, ಮನೆ ಆದಾಯ 2 ಲಕ್ಷದ ಒಳಗಿದ್ದರೆ, ಸರೋಜಿನಿ ದಾಮೋದರನ್ ಫೌಂಡೇಶನ್ನಿನ ವಿದ್ಯಾಧನ್ ಸ್ಕಾಲರ್‌ಶಿಪ್ ಇದೆ. 10 ಮತ್ತು 12 ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಡಿಗ್ರಿ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ವರ್ಷಕ್ಕೆ 30,000 ಕೊಡುತ್ತಾರೆ. ನೋಡಿ, ಇಲ್ಲೂ ಅಷ್ಟೇ. ಸರ್ಕಾರಿ ಶಾಲೆ ಬಿಟ್ಟವಳಿಗೆ ಇದು ಇಲ್ಲ.

ಎಂಜಿನಿಯರಿಂಗ್‌ನಲ್ಲಿ ಆದಾಯ 8 ಲಕ್ಷದ ಒಳಗಿರುವವರಿಗೆ 5 ಪರ್ಸೆಂಟ್ ಹೆಚ್ಚುವರಿ ಸೀಟಿವೆ, ಎಸ್‌ಎನ್‌ಕ್ಯೂ ಅಂತಾರೆ, ಅದರಲ್ಲಿ ಟ್ಯೂಷನ್ ಫೀಸ್ ಇರುವುದಿಲ್ಲ. ಅರ್ಜಿ ತುಂಬುವಾಗ ಆ ಕಾಲಂಗೆ ಹೌದು ಅಂತ ಒತ್ತಬೇಕು, ಅಷ್ಟೇ ಕೆಲಸ, ಅದನ್ನೇ ಬಿಡುತ್ತಾರೆ. ಸಾಲ ಮಾಡಲೇಬೇಕಾಗಿ ಬಂದರೆ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಪಟ್ಟಿಯಲ್ಲಿಲ್ಲದ ಕಾಲೇಜಿಗೆ ಹೊಲ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳಲು ಹೊರಟವರನ್ನು ಮಾತ್ರ ಏನಾದರೂ ಮಾಡಿ ತಡೆಯಿರಿ.

ಇಷ್ಟೆಲ್ಲ ಓದಿ ನಿಮಗೆ ತಲೆ ತಿರುಗಿರಬಹುದು. ಒಂದೇ ಸಲ ಎಲ್ಲ ಮಾಡಬೇಕಿಲ್ಲ. ಈ ತಿಂಗಳು ಎನ್‌ಎಂಎಂಎಸ್ ಅರ್ಜಿ ಮತ್ತು ಹೆಸರು ಹೋಲಿಸುವ ಕೆಲಸ. ಎರಡು ಭಾಷೆಯ ಓದು ನಾಳೆಯಿಂದಲೇ. ಬೇರೆಯದಕ್ಕೆಲ್ಲ ಇನ್ನೂ ಸಮಯ ಇದೆ, ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ ಯಾವ ವರ್ಷ ಯಾವ ತಿಂಗಳು ಏನು ಅಂತ ಗುರುತು ಹಾಕಿ. ಹಬ್ಬಕ್ಕೆ ಅಪ್ಪ ಅಮ್ಮಂದಿರು ಊರಿಗೆ ಬಂದಾಗ ಅದರ ಮುಂದೆ ನಿಲ್ಲಿಸಿ ತೋರಿಸಿ. ಮಕ್ಕಳೇ ತೋರಿಸಿದರೆ ಇನ್ನೂ ಒಳ್ಳೇದು.

ಗೈಡ್ ಕೇಳಿದ್ದಿರಿ. ಯಾವುದೂ ಬೇಡ. ಗೈಡ್ ಓದಿದ ಮಗು ಪ್ರಶ್ನೆ ಸ್ವಲ್ಪ ತಿರುಚಿದರೂ ನಿಂತುಬಿಡುತ್ತದೆ. ಆ ದುಡ್ಡಿಗೆ ಇಂಗ್ಲಿಷ್ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕಗಳನ್ನು ಎರಡು ಸೆಟ್ ಪ್ರಿಂಟ್ ಮಾಡಿಸಿ ಬೈಂಡ್ ಹಾಕಿಸಿ, ಒಂದು ದಪ್ಪ ಇಂಗ್ಲಿಷ್ ಕನ್ನಡ ನಿಘಂಟು ತನ್ನಿ, ಹಳೇ ಎನ್‌ಎಂಎಂಎಸ್ ಪತ್ರಿಕೆಗಳ ಜೆರಾಕ್ಸ್ ತೆಗೆಸಿ, 12 ಪ್ಲಾಸ್ಟಿಕ್ ಫೈಲ್ ಕೊಳ್ಳಿ. ಮಿಕ್ಕಿದ್ದಕ್ಕೆ ಲೈಬ್ರರಿಯ ಪ್ರಿಂಟರಿಗೆ ಇಂಕು ತರಿಸಿ. ಅರ್ಜಿ ಹಾಕುವ ಕೊನೇ ದಿನ ಸೈಬರ್ ಅಂಗಡಿಯವನು ಒಂದು ಹಾಳೆಗೆ ಎಷ್ಟು ಕೇಳುತ್ತಾನೆ ಅಂತ ನಿಮಗೂ ಗೊತ್ತಲ್ಲ.